ಕುರ್ಲಾ ಗೋಡೆಯ ಏಳನೇ ಪೋಸ್ಟರ್

ಸಿನಿಮಾದ ಕಲಾ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಒಂದು ನೇಮವಿದೆ. ಅಂಗಡಿಯ ಬೋರ್ಡಿರಲಿ, ಗೋಡೆಯ ಜಾಹೀರಾತಿರಲಿ, ಕ್ಯಾಮೆರಾಗೆ ಕಾಣುವ ಕಡೆ ಫೋನ್ ನಂಬರ್ ಬರೆಯಬೇಕಾದರೆ ಮನಸ್ಸಿಗೆ ಬಂದ ಹತ್ತು ಅಂಕೆ ಗೀಚುವಂತಿಲ್ಲ. ಆ ನಂಬರು ಯಾರದೋ ಕಿಸೆಯಲ್ಲಿ ಇದ್ದೇ ಇರುತ್ತದೆ. ಸಿನಿಮಾ ನೋಡಿದ ಪುಂಡರು ಕರೆ ಮಾಡಿ ಆ ಪಾಪದವರ ಜೀವ ತಿನ್ನುತ್ತಾರೆ. ಹಾಗಾಗಿ ಯೂನಿಟ್ಟಿನವರದೇ ಯಾರದಾದರೂ ನಂಬರು ಹಾಕುವುದು ರೂಢಿ. ಒಂದು ದೆವ್ವದ ಸಿನಿಮಾದೊಳಗೆ ಗೋಡೆಗೆ ಹಚ್ಚುವ ಪೋಸ್ಟರುಗಳಿಗೆ ನಾನು ನನ್ನದೇ ನಂಬರು ಹಾಕಿದೆ. ನನ್ನ ವಿಭಾಗದಲ್ಲಿ ನಾನು ಮತ್ತು ಒಬ್ಬ ಬಡಗಿ ಬಿಟ್ಟರೆ ಮೂರನೆಯವರು ಇರಲಿಲ್ಲ, ಬಡಗಿಯ ಫೋನು ಸದಾ ಸ್ವಿಚ್ ಆಫ್.

ಕಥೆ ಇಷ್ಟು. ಒಂದು ಹಳೇ ಚಾಳ್, ಒಂದೇ ಸಾಲಿನಲ್ಲಿ ಏಳು ಖೋಲಿ, ಅಂದರೆ ಒಂಟಿ ಕೋಣೆಯ ಮನೆಗಳು. ಖೋಲಿಗೊಬ್ಬರಂತೆ ಜನ ಕಾಣೆಯಾಗುತ್ತಾರೆ. ಒಳಗಿನಿಂದ ಚಿಲಕ ಹಾಕಿದ್ದು ಹಾಕಿದಂತೆ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟದ್ದು ಬಿಟ್ಟಂತೆ ಇರುತ್ತದೆ, ಮನುಷ್ಯ ಮಾತ್ರ ಇಲ್ಲ. ಯಾಕೆ, ಎಲ್ಲಿಗೆ ಎಂಬುದಕ್ಕೆ ಕೊನೆಯವರೆಗೂ ಉತ್ತರವಿಲ್ಲ. ಉತ್ತರವಿಲ್ಲದಿದ್ದರೇ ಹೆಚ್ಚು ಭಯ ಎಂದು ನಿರ್ದೇಶಕ ನಂಬಿದ್ದ. ಅವನು ಅಂಧೇರಿಯಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಹುಡುಗ, ಮೂವತ್ತು ದಾಟಿರಲಿಲ್ಲ, ಕನ್ನಡ ಪೂರಾ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಹಿಂದಿಗೆ ಜಾರುತ್ತಿದ್ದ. ನಿರ್ಮಾಪಕರು ಉಡುಪಿ ಕಡೆಯವರು, ಅಂಧೇರಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಅವರ ಲೆಕ್ಕ ಇನ್ನೂ ಸರಳ. "ದೆವ್ವ ತೋರಿಸಿದರೆ ಗ್ರಾಫಿಕ್ಸ್ ಬೇಕು. ತೋರಿಸದೇ ಇದ್ದರೆ ಆಯ್ತಲ್ಲ ಮಾರಾಯ್ತಿ" ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಕಾಣೆಯಾದವರ ಪೋಸ್ಟರುಗಳು ಆರು ಬೇಕಿದ್ದವು. ಕುರ್ಲಾದ ಒಂದು ಗಲ್ಲಿಯ ಗೋಡೆಯ ಮೇಲೆ ಸಾಲಾಗಿ ಅಂಟಿಸಿದ ಆರು ಮುಖಗಳು. ನಾಯಕಿ ಅವುಗಳ ಮುಂದೆ ಹಾದು ಹೋಗುತ್ತಾಳೆ. ಕೊನೆಯಲ್ಲಿ ಮತ್ತೆ ಅದೇ ಗಲ್ಲಿಗೆ ಬಂದಾಗ ಅಲ್ಲಿ ಏಳನೆಯದು ಬಂದಿರುತ್ತದೆ, ಅದರ ಮೇಲೆ ಕ್ಯಾಮೆರಾ ನಿಂತು ಸಿನಿಮಾ ಮುಗಿಯುತ್ತದೆ.

ಫೋಟೋ ಎಲ್ಲಿಂದ ತರುವುದು? ಇಂಥ ಸಣ್ಣ ಚಿತ್ರಗಳಲ್ಲಿ ಯೂನಿಟ್ಟಿನವರದೇ ಹಳೇ ಫೋಟೋ ಬಳಸುತ್ತೇವೆ, ಒಪ್ಪಿಗೆಗೆ ಅಲೆಯುವ ತಾಪತ್ರಯವಿಲ್ಲ. ಈ ಸಲ ಒಬ್ಬರೂ ಕೊಡಲಿಲ್ಲ. ಬೆಳಕಿನ ವಿಭಾಗದ ದಾದಾ ಕಿವಿ ಮುಟ್ಟಿಕೊಂಡರು. ಮೇಕಪ್ಪಿನವನು, ತಾಯಿಗೆ ಗೊತ್ತಾದರೆ ಮನೆಗೆ ಸೇರಿಸುವುದಿಲ್ಲ ಎಂದ. ಮುಹೂರ್ತಕ್ಕೆ ಹನ್ನೊಂದು ತೆಂಗಿನಕಾಯಿ ಒಡೆಸಿದ್ದ ನಿರ್ಮಾಪಕರಂತೂ ನನ್ನನ್ನು ಮಾಟಗಾತಿಯಂತೆ ನೋಡಿದರು. ಕಾಣೆಯಾದವರ ಸಾಲಿನಲ್ಲಿ ತಮ್ಮ ಮುಖ ಅಂಟಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷ ಸುಳ್ಳು ಸ್ಮಶಾನ, ಸುಳ್ಳು ರಕ್ತ ಮಾಡಿದವಳು, ನನ್ನ ಫೋಟೋ ಮಾತ್ರ ಪರ್ಸಿನಿಂದ ಹೊರಬರಲಿಲ್ಲ.

ಕೊನೆಗೆ ಉಪಾಯ ಹೊಳೆಯಿತು, ಸತ್ತವರ ಫೋಟೋ. ಸತ್ತವರು ಇನ್ನು ಕಾಣೆಯಾಗುವುದಿಲ್ಲವಲ್ಲ. ದಾದಾ ತಮ್ಮ ಮಾವನದು ತಂದರು, ಮೇಕಪ್ಪಿನವನು ಅಜ್ಜಿಯದು, ಇನ್ನು ಮೂವರು ತಮ್ಮ ಮನೆಯ ಒಬ್ಬೊಬ್ಬರದು. ನಾನು ಅಪ್ಪನದು ಕೊಟ್ಟೆ. ಅಪ್ಪ ಬೈಕುಲ್ಲಾದ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ತೀರಿಕೊಂಡು ಹನ್ನೊಂದು ವರ್ಷ. ಫೋಟೋದಲ್ಲಿ ಬಿಳಿ ಶರ್ಟು, ಮೊಣಕೈಯ ತನಕ ಮಡಿಸಿದ ತೋಳು. ಹೆಸರು ಬದಲಾಯಿಸಿದೆ. ವಯಸ್ಸಿನ ಜಾಗದಲ್ಲಿ ಐವತ್ತಾರು ಎಂದು ಬರೆದೆ, ಅವರು ಹೋದಾಗ ಅಷ್ಟೇ ಆಗಿತ್ತು.

ಪೋಸ್ಟರು ಹಳೇದಾಗಿ ಕಾಣಬೇಕು, ಅದು ನನ್ನ ಕಸುಬು. ಫೋಟೋವನ್ನು ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸಿನ ಝೆರಾಕ್ಸ್ ತೆಗೆಸಿ, ಮೂರನೇ ಸಲಕ್ಕೆ ಮುಖ ಕಲ್ಲಿನಲ್ಲಿ ಕೊರೆದಂತಾದಾಗ ಅಚ್ಚಿಗೆ ಕೊಟ್ಟೆ. ಮೇಲೆ ದಪ್ಪಕ್ಷರದಲ್ಲಿ 'ಬೇಪತ್ತಾ'. ಮರಾಠಿಯಲ್ಲಿ ಕಾಣೆಯಾಗಿದ್ದಾರೆ ಎಂದರ್ಥ, ಹಿಂದಿಯವರಿಗೂ ತಿಳಿಯುತ್ತದೆ. ನಿರ್ಮಾಪಕರ ಹೋಟೆಲಿನಿಂದ ಒಂದು ಪಾತ್ರೆ ಚಹಾ ಡಿಕಾಕ್ಷನ್ ತರಿಸಿ ಹಾಳೆಗಳನ್ನು ಅದ್ದಿದೆ. ಬಿಲ್ಡಿಂಗಿನ ಟೆರೇಸಿನಲ್ಲಿ ಒಣಗಿಸಿದೆ. ಮಡಿಕೆಯ ಗೆರೆಗಳನ್ನು ಮರಳು ಕಾಗದದಲ್ಲಿ ಉಜ್ಜಿದೆ. ಗೋಡೆಗೆ ಮೈದಾ ಅಂಟಿನಿಂದ ಹಚ್ಚಿ, ಮೂಲೆಯನ್ನು ಉಗುರಿನಿಂದ ಹರಿದು, ಅರ್ಧ ಮುಚ್ಚುವಂತೆ ಟ್ಯೂಷನ್ ಕ್ಲಾಸಿನ ಚೀಟಿ ಅಂಟಿಸಿದೆ. ಈ ಕೊನೆಯದು ನನ್ನ ಸ್ವಂತ ಕೈಚಳಕ. ಕಾಣೆಯಾದವನ ಮುಖದ ಮೇಲೆ ಯಾರೋ ಗಣಿತದ ಕ್ಲಾಸು ಅಂಟಿಸಿ ಹೋಗಿದ್ದಾರೆಂದರೆ, ಅವನನ್ನು ಹುಡುಕುವವರು ಸುಸ್ತಾಗಿದ್ದಾರೆ ಎಂದು ನೋಡುವವನಿಗೆ ತಾನಾಗಿ ತಿಳಿಯುತ್ತದೆ.

ಬೆಳಿಗ್ಗೆ ಏಳಕ್ಕೆ ಶುರುವಾದ ಗಲ್ಲಿಯ ಶೂಟಿಂಗು ಹನ್ನೆರಡಕ್ಕೆ ಮುಗಿಯಿತು. ನಿರ್ದೇಶಕ ಗೋಡೆಯ ಮುಂದೆ ಕುಣಿಯುವುದೊಂದು ಬಾಕಿ. "ದೀದಿ, ಏಕ್‌ದಂ ರಿಯಲ್! ನಂಗೇ ಡರ್ ಆಯ್ತು."

ಹೊಗಳಿಕೆಗೆ ಉಬ್ಬುವುದು ನನ್ನ ಹಳೇ ರೋಗ. ನಮ್ಮ ಕಸುಬಿನ ಎರಡನೇ ನೇಮ, ಶೂಟಿಂಗ್ ಮುಗಿದ ದಿನವೇ ಹಚ್ಚಿದ್ದನ್ನೆಲ್ಲ ಕಿತ್ತು ಜಾಗ ಇದ್ದಂತೆ ಮಾಡಿ ಬರಬೇಕು. ಏಳನೇ ಪೋಸ್ಟರಿನ ಶಾಟ್ ಎರಡು ವಾರದ ನಂತರ ಇತ್ತು. ಕಿತ್ತರೆ ಅದೇ ಹರಕು, ಅದೇ ಕಲೆ ಮತ್ತೆ ತರಲಾಗುವುದಿಲ್ಲ. "ಇರಲಿ ಬಿಡು" ಎಂದು ಅವನೂ ಅಂದ, ನಾನೂ ಅಂದೆ. ಆರು ಮಂದಿ ಸತ್ತವರನ್ನು, ನನ್ನ ಫೋನ್ ನಂಬರಿನ ಸಮೇತ, ಕುರ್ಲಾದ ಜನಜಂಗುಳಿಯಲ್ಲಿ ಬಿಟ್ಟು ಲೋಕಲ್ ರೈಲು ಹತ್ತಿದೆ.

ಮರುದಿನದಿಂದ ಬೈಕುಲ್ಲಾದಲ್ಲಿ ಕೆಲಸ. ಮುಚ್ಚಿಹೋದ ಒಂದು ವರ್ಕ್‌ಶಾಪಿನ ಒಳಗೆ ಚಾಳಿನ ಏಳು ಬಾಗಿಲುಗಳನ್ನು ಕಟ್ಟಿದ್ದೆವು. ರಾತ್ರಿಪಾಳಿಯ ಖರ್ಚು ನಮ್ಮ ಕೈಗೆ ಎಟುಕುವಂಥದ್ದಲ್ಲ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಎರಡು ಪದರ ಬಿಗಿದು, ಬೆಳಗಿನ ಹತ್ತು ಗಂಟೆಗೇ ನಡುರಾತ್ರಿ ಮಾಡುತ್ತಿದ್ದೆವು. ಹೊರಗೆ ಪಕ್ಕದ ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿದ್ದರು. ಒಳಗೆ ನಾಯಕಿ ಮೌನಕ್ಕೆ ಹೆದರುತ್ತಿದ್ದಳು.

ಮೂರನೇ ದಿನ ಅಲ್ಲೇ ಮೊದಲ ಕರೆ ಬಂತು. ಬೈಕುಲ್ಲಾ ತರಕಾರಿ ಮಾರ್ಕೆಟ್ಟಿನ ಹಮಾಲ, ಮನೆ ಕುರ್ಲಾದಲ್ಲಿ.

"ಮೇಡಂ, ವೋ ಸಫೇದ್ ಶರ್ಟ್‌ವಾಲೇ ಅಂಕಲ್ ಕೋ ಮೈನೇ ಕಲ್ ದೇಖಾ."

ಬಿಳಿ ಶರ್ಟಿನವರನ್ನು ನಿನ್ನೆ ನೋಡಿದೆ ಎನ್ನುತ್ತಿದ್ದಾನೆ. ನನ್ನಪ್ಪನನ್ನು. ಅಪ್ಪನ ಚಿತೆಗೆ ನನ್ನ ತಮ್ಮ ಬೆಂಕಿ ಇಟ್ಟದ್ದನ್ನು ಕಣ್ಣಾರೆ ಕಂಡವಳು ನಾನು. ಅಯ್ಯಾ, ಅದು ಸಿನಿಮಾದ ಪೋಸ್ಟರು ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಒಂದೇ ಮಾತು: "ಕಹಾಂ?"

ಈರುಳ್ಳಿ ಗೋದಾಮಿನ ಹೊರಗೆ ದಿನಾ ಕೂತಿರುತ್ತಾರೆ ಎಂದ. ಸೆಟ್ಟಿನಿಂದ ಹತ್ತು ನಿಮಿಷದ ದಾರಿ. ಊಟದ ಬಿಡುವಿನಲ್ಲಿ ಇಡ್ಲಿ ತಟ್ಟೆ ಹಾಗೇ ಇಟ್ಟು ಹೊರಟೆ. ಯಾಕೆ ಹೊರಟೆ ಎಂದು ಆಗ ನನ್ನನ್ನೇ ಕೇಳಿಕೊಂಡಿದ್ದರೆ ಹಿಂತಿರುಗುತ್ತಿದ್ದೆ, ಅದಕ್ಕೇ ಕೇಳಿಕೊಳ್ಳಲಿಲ್ಲ. ಗೋದಾಮಿನ ಹೊರಗೆ ಗೋಣಿಯ ಮೇಲೆ ಒಬ್ಬರು ಕೂತು ಕೊಳೆತ ಈರುಳ್ಳಿ ಆರಿಸುತ್ತಿದ್ದರು. ಹಿಂದಿನಿಂದ ಅದೇ ಕುತ್ತಿಗೆ, ಅದೇ ಮಡಿಸಿದ ತೋಳು. ಅವರು ತಿರುಗಿದರು. ಯಾರೋ. ಅಪ್ಪನ ಹೋಲಿಕೆ ಎಳ್ಳಷ್ಟೂ ಇಲ್ಲ. ಏನು ಬೇಕು ಎಂಬಂತೆ ನೋಡಿದರು. ಮಾತು ತೋಚದೆ ಒಂದು ಕಿಲೋ ಈರುಳ್ಳಿ ಕೊಂಡು ವಾಪಸಾದೆ. ಸಂಜೆಯ ತನಕ ಆ ಚೀಲ ನೋಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು, ಅಳುವೂ ಬರುತ್ತಿತ್ತು.

ಎರಡು ದಿನ ಬಿಟ್ಟು ಇನ್ನೊಂದು ಕರೆ. ಹೆಂಗಸಿನ ದನಿ, ತಡವರಿಸುವ ಹಿಂದಿ. "ಆಪ್ ಆದ್ಮೀ ಢೂಂಡ್ತಾ ಕ್ಯಾ?" ನೀವು ಮನುಷ್ಯರನ್ನು ಹುಡುಕಿಕೊಡುತ್ತೀರಾ ಎಂದು ಕೇಳುತ್ತಿದ್ದಳು. ಅಲ್ಲ ಎನ್ನುವಷ್ಟರಲ್ಲಿ ಅತ್ತ ಬದಿಯಲ್ಲಿ ಯಾರಿಗೋ, "ಏ, ಸುಮ್ನಿರ ಅವ್ವಿ, ಮಾತಾಡ್ಲಿಕ್ಕತ್ತೀನಿ" ಎಂದದ್ದು ಕೇಳಿಸಿತು.

"ಕನ್ನಡದವರಾ?" ಅಂದೆ.

"ಹೌದ್ರೀ ಅಕ್ಕಾರ, ಇಂಡಿ ಕಡಿಯವ್ರು. ನಮ್ಮ ಮನಿಯವ್ರದೂ ಒಂದು ಫೋಟೋ ಹಚ್ಚ್ರಿ. ಕೈ ಮುಗೀತೀನಿ" ಎಂದಳು.

ಭಾನುವಾರ ಬೆಳಿಗ್ಗೆ ಆ ಗೋಡೆಯ ಹತ್ತಿರವೇ ಭೇಟಿಯಾದೆವು. ಮೂವತ್ತೈದರ ಒಳಗಿನ ಹೆಂಗಸು, ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ. ಗಂಡ ಸೆಂಟ್ರಿಂಗ್ ಕೆಲಸದವನು. ಒಂದು ವರ್ಷ ನಾಲ್ಕು ತಿಂಗಳ ಹಿಂದೆ, ಪನ್ವೇಲ್ ಕಡೆ ಹೊಸ ಸೈಟಿದೆ ಎಂದು ಬೆಳಿಗ್ಗೆ ಹೊರಟವನು ತಿರುಗಿ ಬಂದಿಲ್ಲ, ಫೋನು ಬಂದ್. ಠಾಣೆಯಲ್ಲಿ ದೂರು ಬರೆಸಿದ್ದಳು. ಸೈಟು ಸೈಟು ಅಲೆದಿದ್ದಳು.

ಇದು ಸಿನಿಮಾದ್ದು, ಈ ಆರೂ ಜನ ನಿಜವಾಗಿ ಕಾಣೆಯಾದವರಲ್ಲ ಎಂದು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಗೋಡೆಯನ್ನೇ ನೋಡಿದಳು.

"ಸಿನಿಮಾ ಆದ್ರ ಇನ್ನೂ ಚಲೋ ಆತಲ್ರಿ. ಗೋಡಿ ಮ್ಯಾಲ ಹಚ್ಚಿದ್ರ ಕುರ್ಲಾದವ್ರಷ್ಟ ನೋಡ್ತಾರ. ಸಿನಿಮಾದಾಗ ಬಂದ್ರ ಎಲ್ಲಾ ಊರಿನವ್ರು ನೋಡ್ತಾರ. ಯಾರರ ಒಬ್ರು ಕಂಡಾನ ಅಂತಾರ."

ಆಮೇಲೆ ದನಿ ತಗ್ಗಿಸಿ ಅವಸರದ ಕಾರಣ ಹೇಳಿದಳು. ಊರಿನಲ್ಲಿ ಮಾವ ಹಟ ಹಿಡಿದಿದ್ದ. "ಇನ್ನ ಬರಂಗಿಲ್ಲ ಅವ, ದಿವಸ ಮಾಡಿ ಮುಗಿಸಿಬಿಡೂಣು ಅಂತಾನ್ರಿ. ಶ್ರಾವಣದಾಗ ಬಾ ಅಂದಾನ. ಅಲ್ಲಿ ಹೋದ್ರ ನನ್ನ ಕೈಯಾಗಿನ ಬಳಿ ತಗಸ್ತಾರ." ಬದುಕಿದ್ದಾನೋ ಇಲ್ಲವೋ ತಿಳಿಯದವನಿಗೆ ಉತ್ತರಕ್ರಿಯೆ. ಶ್ರಾವಣಕ್ಕೆ ಎರಡೂವರೆ ತಿಂಗಳಿತ್ತು.

ನಿರ್ದೇಶಕನಿಗೆ ಹೇಳಿದಾಗ ಅವನ ಕಣ್ಣು ಅರಳಿತು. ಏಳನೇ ಪೋಸ್ಟರಿಗೆ ಯಾರೂ ನೋಡಿರದ ಮುಖವೊಂದನ್ನು ಅವನು ಹುಡುಕುತ್ತಲೇ ಇದ್ದ. "ದೀದಿ, ರಿಯಲ್ ಮಿಸ್ಸಿಂಗ್ ಮನುಷ್ಯ! ಲಾಸ್ಟ್ ಫ್ರೇಮ್! ಸೋಚೋ!" ನಿರ್ಮಾಪಕರು ಮೊದಲು ಹೆದರಿದರು, ಆಮೇಲೆ ಒಂದು ಒಪ್ಪಿಗೆ ಪತ್ರ ಟೈಪ್ ಮಾಡಿಸಿ ಕೊಟ್ಟರು. "ಪಾಪದ ಹೆಂಗಸು, ಅವಳಿಗೂ ಉಪಕಾರ ಆದೀತು. ಸಹಿ ಒಂದು ಹಾಕಿಸಿಕೊಂಡು ಬಿಡಿ." ಎಲ್ಲರಿಗೂ ಒಳ್ಳೆಯದೇ ಆಗುವಂತೆ ಕಾಣುತ್ತಿತ್ತು. ನನಗೂ ಹಾಗೇ ಕಂಡಿತು, ಸುಳ್ಳು ಹೇಳಲಾರೆ.

ಆ ಕೊನೆಯ ಶಾಟಿನ ಹಿಂದಿನ ದಿನ ಅವಳನ್ನು ಬೈಕುಲ್ಲಾದ ಸೆಟ್ಟಿಗೆ ಬರಹೇಳಿದೆ. ಮಧ್ಯಾಹ್ನ ಎರಡರ ಹೊತ್ತು, ಒಳಗೆ ಕಪ್ಪು ಬಟ್ಟೆಯ ಕತ್ತಲೆ. ಒಂದು ಸಾಮಾನಿನ ಟ್ರಂಕಿನ ಮೇಲೆ ಪತ್ರವಿಟ್ಟು ಟಾರ್ಚ್ ಹಿಡಿದೆ. ಅವಳು ಓದಲಿಲ್ಲ, ಇಂಗ್ಲಿಷಿನಲ್ಲಿದ್ದ ಅದನ್ನು ಓದುವಂತೆಯೂ ಇರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು. ಗಂಡನ ಫೋಟೋವನ್ನು ಪ್ಲಾಸ್ಟಿಕ್ಕಿನಿಂದ ಬಿಚ್ಚಿ ಕೊಟ್ಟಳು. ನೀಲಿ ಗೆರೆಯ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ನಗು ತಡೆದುಕೊಂಡ ಮುಖ.

ಎದ್ದು ಹೊರಡುವಾಗ ಅವಳ ಕಣ್ಣು ಏಳು ಬಾಗಿಲುಗಳ ಮೇಲೆ ಬಿತ್ತು. ಪ್ರತಿ ಬಾಗಿಲಿನ ಹೊರಗೂ ನಾನು ಜೋಡಿಸಿದ ಒಂದೊಂದು ಜೊತೆ ಚಪ್ಪಲಿ. ಅವುಗಳ ಮೇಲೆ ನಾನೇ ಜರಡಿ ಹಿಡಿದು ಉದುರಿಸಿದ ಧೂಳು.

"ಇವ್ರೆಲ್ಲಾ ಎಲ್ಲಿ ಹೋಗ್ಯಾರ್ರಿ?"

ಪತ್ರ ನನ್ನ ಕೈಯಲ್ಲಿತ್ತು, ಫೋಟೋ ನನ್ನ ಕೈಯಲ್ಲಿತ್ತು. "ಏನಿಲ್ಲ, ಸಿನಿಮಾದ್ದು" ಎಂದಿದ್ದರೆ ಅವಳು ಹೊರಟುಹೋಗುತ್ತಿದ್ದಳು, ಮರುದಿನ ನನ್ನ ಕೆಲಸ ಮುಗಿದಿರುತ್ತಿತ್ತು. ಈರುಳ್ಳಿ ಗೋದಾಮಿನ ಮುಂದೆ ಆ ಮನುಷ್ಯ ತಿರುಗುವ ಮೊದಲಿನ ಗಳಿಗೆ ನೆನಪಾಯಿತು. ನನಗೆ ಒಂದು ಗಳಿಗೆಯಷ್ಟು ಆದದ್ದನ್ನು ಈ ಹೆಂಗಸು ಹದಿನಾರು ತಿಂಗಳಿಂದ ದಿನಾ ಅನುಭವಿಸುತ್ತಿದ್ದಾಳೆ. ಅವಳ ಗಂಡನ ಫೋಟೋ ಯಾವ ಕಥೆಯೊಳಗೆ ಹೋಗುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವಳನ್ನು ಮತ್ತೆ ಕೂರಿಸಿ ಇಡೀ ಕಥೆ ಹೇಳಿದೆ. ಖೋಲಿ, ಚಿಲಕ, ಚಪ್ಪಲಿ, ಗೋಡೆ. ಗಮನವಿಟ್ಟು ಕೇಳಿದಳು, ನಡುವೆ ಒಮ್ಮೆ "ಅಯ್ಯ ಶಿವನ" ಎಂದಳು. ಕೊನೆಗೆ ಒಂದೇ ಪ್ರಶ್ನೆ.

"ಕಡೀಕ ಸಿಗ್ತಾರಿಲ್ರಿ?"

"ಇಲ್ಲ. ಸಿನಿಮಾದಲ್ಲಿ ಯಾರೂ ಸಿಗುವುದಿಲ್ಲ."

ಆ ಚಪ್ಪಲಿಗಳತ್ತ ಕೈ ತೋರಿಸಿದಳು. "ನಮ್ಮ ಮನಿಯವ್ರು ಚಪ್ಪಲ್ ಹಾಕ್ಕೊಂಡು ಹೋಗ್ಯಾರ್ರಿ ಅಕ್ಕಾರ" ಎಂದಳು. "ನಡಕೋತ ಹೋದವ್ರು ನಡಕೋತ ಬರ್ತಾರ. ಈ ಮಂದಿ ಸಾಲಿನಾಗ ಬ್ಯಾಡ್ರಿ. ನಮ್ಮ ಮಾವ ಇದನ್ನ ನೋಡಿದ್ರ, ನೋಡು ಸಿನಿಮಾದಾಗೂ ಬರಂಗಿಲ್ಲ ಅಂದಾರ ಅಂತಾನ." ಫೋಟೋಕ್ಕೆ ಕೈ ಚಾಚಿದಳು. ಫೋಟೋ ಕೊಟ್ಟೆ, ಸಹಿ ಮಾಡಿದ ಪತ್ರವನ್ನೂ ಕೊಟ್ಟೆ.

ನಿರ್ದೇಶಕ ಕೂಗಾಡಿದ. "ಕಲ್ ಶೂಟ್ ಹೈ ದೀದಿ! ಸಹಿ ಮಾಡಿದ್ಮೇಲೆ ಯಾಕೆ ಸ್ಟೋರಿ ಹೇಳಿದ್ರಿ?" ಅವನದು ತಪ್ಪಲ್ಲ. ಕೊನೆಯ ಚೌಕಟ್ಟಿಗೆ ಮುಖವಿಲ್ಲದಿದ್ದರೆ ಸಿನಿಮಾವೇ ಇಲ್ಲ. ಅವನು ಬಯ್ಯುವುದು ಮುಗಿಯುವ ತನಕ ನಿಂತಿದ್ದೆ. ಆಮೇಲೆ ಪರ್ಸ್ ತೆಗೆದು, ಅಷ್ಟು ದಿನ ಹೊರತೆಗೆಯದ ನನ್ನ ಪಾಸ್‌ಪೋರ್ಟ್ ಸೈಜ್ ಫೋಟೋವನ್ನು ಟ್ರಂಕಿನ ಮೇಲಿಟ್ಟೆ. ನಿರ್ಮಾಪಕರು, "ಬೇಡ ಮಾರಾಯ್ತಿ, ಎಂತಕ್ಕೆ ಸುಮ್ಮನೆ ಅಪಶಕುನ" ಎಂದರು, ನಿಜವಾದ ಕಾಳಜಿಯಿಂದಲೇ. ಬೇರೆ ದಾರಿ ಇಲ್ಲದ್ದರಿಂದ ಸುಮ್ಮನಾದರು.

ಮರುದಿನ ಏಳನೇ ಪೋಸ್ಟರಿನಲ್ಲಿ ನಾನಿದ್ದೆ. ವಯಸ್ಸು ನಲವತ್ನಾಲ್ಕು. ಅಪ್ಪನ ಪಕ್ಕದಲ್ಲೇ ಅಂಟಿಸಿಕೊಂಡೆ. ಒಂದೇ ಟೇಕಿಗೆ ಓಕೆ ಆಯಿತು, ಮುಖ ಚೆನ್ನಾಗಿ ಹೆದರಿಸುತ್ತದೆ ಎಂದು ನಿರ್ದೇಶಕ ಮೆಚ್ಚಿಕೊಂಡ. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಶಾಟ್ ಮುಗಿದ ಕೂಡಲೇ ನೀರು, ಕೆರೆಯುವ ಪಟ್ಟಿ ಹಿಡಿದು ಏಳನ್ನೂ ಕಿತ್ತೆ. ಮೈದಾ ಅಂಟು ಸುಲಭಕ್ಕೆ ಬಿಡುವುದಿಲ್ಲ. ಅಪ್ಪನದು ಕೊನೆಗೆ ಉಳಿಯಿತು, ನೆನೆಸಿ ನೆನೆಸಿ, ಹರಿಯದಂತೆ ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಅಷ್ಟರಲ್ಲಿ ಇಂಡಿಯ ಆ ಹೆಂಗಸು ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ನಿಂತಿದ್ದಳು. ಅವಳ ಗಂಡನಿಗೊಂದು ನಿಜವಾದ ಪೋಸ್ಟರು ಮಾಡಿಕೊಡಲು ನಾನೇ ಬರಹೇಳಿದ್ದೆ.

ಅವಳ ಗಂಡನ ಪೋಸ್ಟರನ್ನು ನಾನು ಅದೇ ವಾರ ಮಾಡಿಕೊಟ್ಟೆ. ಇಪ್ಪತ್ತು ವರ್ಷದಲ್ಲಿ ಹಳೆಯದಾಗಿಸದೆ ಬಿಟ್ಟ ಮೊದಲ ಹಾಳೆ ಅದು. ಬಣ್ಣದ ಫೋಟೋ, ದಪ್ಪ ಕಾಗದ, ಮೇಲೆ ಲ್ಯಾಮಿನೇಷನ್. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ವಿವರ. ಹೊರಟ ದಿನ ತೊಟ್ಟಿದ್ದ ಬಟ್ಟೆ, ಎಡಗೈಯ ಹಚ್ಚೆ, ವಯಸ್ಸು ಮೂವತ್ತೆಂಟು. 'ಕಪ್ಪು ಚಪ್ಪಲಿ' ಎಂದು ಅವಳೇ ಬರೆಸಿದಳು. ಕೆಳಗೆ ಅವಳ ನಂಬರು, ಅದರ ಕೆಳಗೆ ನನ್ನದು. ಅದೇ ಗಲ್ಲಿಯ ಚಹಾ ಅಂಗಡಿಯವರನ್ನು ಕೇಳಿ ಅವರ ಗೋಡೆಗೆ ಒಂದು, ಪನ್ವೇಲ್ ಕಡೆ ಬೆಳಿಗ್ಗೆ ಕೂಲಿಯವರು ಸೇರುವ ನಾಕಾಗಳಲ್ಲಿ ಕೇಳಿ ಕೇಳಿ ಹತ್ತು ಹಚ್ಚಿದೆವು. ಶ್ರಾವಣದಲ್ಲಿ ಅವಳು ಊರಿಗೆ ಹೋಗಲಿಲ್ಲ. ಮಾವನಿಗೆ ಪೋಸ್ಟರಿನ ಫೋಟೋ ಕಳಿಸಿ, "ಹುಡುಕಲಿಕ್ಕತ್ತೀವಿ" ಎಂದಷ್ಟೇ ಹೇಳಿದಳಂತೆ.

ಸಿನಿಮಾ ಒಂದು ಸಣ್ಣ ಆ್ಯಪಿನಲ್ಲಿ ಬಂತು, ಬಂದ ಹಾಗೇ ಹೋಯಿತು. ನನ್ನ ತಾಯಿ ಅದನ್ನು ನೋಡಿ ಮೂರು ದಿನ ಮಾತು ಬಿಟ್ಟಿದ್ದರು. ಅವಳ ಗಂಡನ ಬಗ್ಗೆ ನಾಲ್ಕು ಕರೆ ಬಂದವು. ನಾಲ್ಕು ಸಲವೂ ಇಬ್ಬರೂ ಹೋಗಿ ನೋಡಿ ಬಂದೆವು. ನಾಲ್ಕೂ ಬೇರೆ ಯಾರೋ.

ಈ ವರ್ಷ ಮಳೆ ಶುರುವಾಗುವ ಮೊದಲು ಚಹಾ ಅಂಗಡಿಯ ಗೋಡೆಯ ಪೋಸ್ಟರು ಬಿಸಿಲಿಗೆ ಬಿಳಿಚಿದ್ದನ್ನು ನೋಡಿ, ಹೊಸದು ಮಾಡಿಸೋಣ ಎಂದೆ. ಹಳೇ ಫೈಲು ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಅಚ್ಚಿನ ಅಂಗಡಿಯಲ್ಲಿ ಅವಳು ಪರದೆಯ ಹತ್ತಿರ ಬಗ್ಗಿ, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೂವತ್ತೆಂಟರ ಮೇಲೆ ಬೆರಳು ನಿಂತಿತು.

"ಇದನ್ನ ಮೂವತ್ತೊಂಬತ್ತು ಮಾಡ್ರಿ ಅಕ್ಕಾರ. ಯುಗಾದಿಗೆ ಅವ್ರಿಗೂ ಒಂದು ವರ್ಷ ಕೂಡ್ತಲ್ರಿ."

ನಾನು ಎಂಟನ್ನು ಅಳಿಸಿ ಒಂಬತ್ತು ಒತ್ತಿದೆ.